ಹೆಸರಿಲ್ಲದ ಮಾತ್ರೆ, ಹೇಳದ ಬಸುರು

ಬಸುರಾದರೆ ವಾಂತಿ ಬರುತ್ತದೆ, ತಲೆ ಸುತ್ತುತ್ತದೆ, ಹುಳಿ ತಿನ್ನಬೇಕೆನಿಸುತ್ತದೆ ಎಂದು ಎಲ್ಲರೂ ಹೇಳಿದ್ದರು. ಮೂಗು ಕಟ್ಟುತ್ತದೆ ಎಂದು ಒಬ್ಬರೂ ಹೇಳಿರಲಿಲ್ಲ. ನನಗೆ ಒಂದು ದಿನವೂ ವಾಂತಿ ಬರಲಿಲ್ಲ. ಎರಡನೇ ತಿಂಗಳು ನಡೆಯುತ್ತಿದ್ದಾಗ ಒಂದು ಸೋಮವಾರ ಮೂಗಿನ ಎರಡೂ ಹೊಳ್ಳೆ ಮುಚ್ಚಿಕೊಂಡವು. ಅವು ಪೂರ್ತಿಯಾಗಿ ತೆರೆದದ್ದು ಮಗು ಹುಟ್ಟಿದ ಮೇಲೆಯೇ.

ನನ್ನ ಮಗಳಿಗೆ ಈಗ ಎಂಟು ತಿಂಗಳು. ನಾನು ಇದನ್ನು ಬರೆಯುತ್ತಿರುವಾಗಲೇ ಅಂಬೆಗಾಲಿಕ್ಕಿ ಬಂದು ಹಾಳೆಯ ಮೂಲೆಯನ್ನು ಬಾಯಿಗೆ ಹಾಕಿಕೊಂಡಿದ್ದಾಳೆ. ಎಲ್ಲ ಒಳ್ಳೆಯದಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನಗಳಲ್ಲಿ ನಾನು ಯಾರ ಅನುಭವ ಓದಿದರೂ ಮೊದಲು ಕೊನೆಯ ಪ್ಯಾರಾ ನೋಡುತ್ತಿದ್ದೆ. ಎಲ್ಲೋ ಯಾರೋ ಒಬ್ಬಳು ಬಾಯಿ ತೆರೆದುಕೊಂಡು ಉಸಿರಾಡುತ್ತ, ತಿಂದ ಮಾತ್ರೆ ನೆನೆಸಿಕೊಂಡು ನಡುಗುತ್ತ ಕುಳಿತಿದ್ದರೆ, ಅವಳು ಒಬ್ಬಳೇ ಅಲ್ಲ ಎಂದು ಹೇಳುವುದಕ್ಕೆ ಇದನ್ನು ಬರೆದಿದ್ದೇನೆ.

ನನ್ನ ತವರು ಮುಳ್ಳೂರು, ಕೊಟ್ಟ ಮನೆ ಯಳಂದೂರು ತಾಲ್ಲೂಕಿನ ಅಗರ, ಕೆಲಸ ಹನೂರಿನಲ್ಲಿ. ಬೆಳಿಗ್ಗೆ ಅಗರದಿಂದ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಅಲ್ಲಿಂದ ಹನೂರಿಗೆ ಇನ್ನೊಂದು. ಹನೂರಿನ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜ ಕೊಡುವ ಕಿಟಕಿಯ ಹಿಂದೆ ಕೂರುವವಳು ನಾನು. ಬಂದ ರೈತರಿಗೆಲ್ಲ ಒಂದೇ ಮಾತನ್ನು ದಿನಕ್ಕೆ ಐವತ್ತು ಸಲ ಹೇಳುತ್ತೇನೆ. ಮೂಟೆಗೆ ಹೊಲಿದಿರುವ ಚೀಟಿ ನೋಡದೆ ಬೀಜ ಒಯ್ಯಬೇಡಿ, ಯಾವ ತಳಿ, ಯಾವ ತಾರೀಖು ಎಂದು ಓದಿಸಿಕೊಳ್ಳಿ, ಪೈರು ಕೈಗೆ ಬರುವ ತನಕ ಆ ಚೀಟಿಯನ್ನು ಎಸೆಯಬೇಡಿ. ಮನೆಗೆ ಬಂದ ಮೇಲೂ ಇದೇ ಪಾಠ ಹೇಳುತ್ತೇನೆಂದು ನಮ್ಮ ಮನೆಯಲ್ಲಿ ನನ್ನನ್ನು 'ಚೀಟಿ ಮೇಡಂ' ಎಂದು ಆಡಿಕೊಳ್ಳುತ್ತಾರೆ. ಅಂಥವಳು ಮಾಡಿದ ಕೆಲಸ ಕೇಳಿ.

ಈ ಬಸುರಿನ ಹಿಂದಿನ ವರ್ಷ ನನಗೊಂದು ಬಸುರು ಎರಡು ತಿಂಗಳಿಗೇ ಹೋಗಿತ್ತು. ಗೊತ್ತಾದ ದಿನವೇ ನಮ್ಮವರು, ಅಂದರೆ ನನ್ನ ಗಂಡ ಮಹೇಶ್, ಖುಷಿ ತಡೆಯಲಾರದೆ ಅರ್ಧ ಅಗರಕ್ಕೆ ಹೇಳಿಬಿಟ್ಟಿದ್ದರು. ಹೋದ ಮೇಲೆ ಆ ಅರ್ಧ ಊರೂ ಒಬ್ಬೊಬ್ಬರಾಗಿ ಬಂದು ಜಗಲಿಯ ಮೇಲೆ ಕೂತು ಹೇಗಾಯಿತು, ಏನು ತಿಂದೆ, ಬಸ್ಸಿನಲ್ಲಿ ಓಡಾಡಿದ್ದಕ್ಕೇ ಇರಬೇಕು ಎಂದು ಕೇಳಿತು. ಬಸುರು ಹೋದ ದುಃಖ ಒಂದು ತೂಕವಾದರೆ ಆ ಪ್ರಶ್ನೆಗಳಿಗೆ ಉತ್ತರ ಹೇಳುವ ದುಃಖ ಇನ್ನೊಂದು ತೂಕ. ಹಾಗಾಗಿ ಎರಡನೇ ಸಲ ನಿಂತಾಗ ನಮ್ಮತ್ತೆ ಗೌರಮ್ಮ ಅಡುಗೆಮನೆಗೆ ನಮ್ಮಿಬ್ಬರನ್ನೂ ಕರೆದು ಕದ ಮುಂದೆ ಮಾಡಿದರು.

"ಮೂರ್ ತಿಂಗ್ಳು ತುಂಬೋಗಂಟ ಒಂದ್ ನರಪಿಳ್ಳೆಗೂ ಗೊತ್ತಾಗ್ಬಾರ್ದು. ನಿಮ್ಮವ್ವಂಗೂ ಯೋಳ್ಬ್ಯಾಡ ಕಣವ್ವ ಭಾಗ್ಯ. ಆಸ್ಪತ್ರೆಗೂ ಆಮ್ಯಾಕೇ ಓಗಣ. ನೀನು ಬಾಯ್ ಬುಟ್ಟೀಯ ಕಣ್ಲಾ ಮಾದೇಸ."

ಮಹೇಶ್‌ ಅವರನ್ನು ಅತ್ತೆ ಕರೆಯುವುದು ಮಾದೇಸ ಎಂದೇ. ತಪ್ಪನ್ನು ಅತ್ತೆಯ ತಲೆಗೆ ಕಟ್ಟಿ ನಾನು ಜಾರಿಕೊಳ್ಳುವುದಿಲ್ಲ. ಮೂರು ತಿಂಗಳು ಮುಚ್ಚಿಡುವುದು ನಮ್ಮ ಕಡೆ ಮೊದಲಿನಿಂದ ಇದ್ದದ್ದೇ, ಆ ವರ್ಷ ನನಗೂ ಅದೇ ಬೇಕಾಗಿತ್ತು. ಇನ್ನೊಂದು ಸಲ ಆ ಜಗಲಿಯ ಪ್ರಶ್ನೆಗಳಿಗೆ ಉತ್ತರ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಆಮೇಲೆ ಮೂಗು ಕಟ್ಟಿತು. 'ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ' ಎಂಬ ಗಾದೆ ಕಟ್ಟಿದವರು ಬಸುರಿ ಹೆಂಗಸೇ ಇರಬೇಕು. ನೆಗಡಿಯಾದರೆ ಸುರಿದಾದರೂ ಹೋಗುತ್ತದೆ, ಇದು ಸುರಿಯಲೂ ಇಲ್ಲ, ಇಳಿಯಲೂ ಇಲ್ಲ. ಮಲಗಿದರೆ ಉಸಿರು ನಿಂತ ಹಾಗೆ ಎದ್ದು ಕೂರುತ್ತಿದ್ದೆ. ಬಾಯಿಂದ ಉಸಿರಾಡಿ ಆಡಿ ಬೆಳಗಾಗುವಷ್ಟರಲ್ಲಿ ನಾಲಿಗೆ ಒಣಗಿ ಅಂಗುಳಿಗೆ ಅಂಟಿರುತ್ತಿತ್ತು. ಊಟದ ರುಚಿ ಹೋಯಿತು. ಮುದ್ದೆ ನುಂಗಬೇಕೆಂದರೆ ಉಸಿರು ಕಟ್ಟಬೇಕು, ಉಸಿರಾಡಬೇಕೆಂದರೆ ಮುದ್ದೆ ಬಿಡಬೇಕು ಎನ್ನುವ ಪರಿಸ್ಥಿತಿ. ಅತ್ತೆ ದೊಡ್ಡಪತ್ರೆ ರಸ ಕೊಟ್ಟರು, ಮೆಣಸಿನ ಕಷಾಯ ಕೊಟ್ಟರು. ನಾಲ್ಕನೇ ದಿನ ಬಸ್ಸಿನಲ್ಲಿ ಕೂತಲ್ಲೇ ನಾನು ಅತ್ತುಬಿಟ್ಟೆ. ಅಳುವುದಕ್ಕೂ ಮೂಗು ಬೇಕು ಎಂದು ಅವತ್ತು ಗೊತ್ತಾಯಿತು.

ಮರುದಿನ ಮಹೇಶ್ ಕೊಳ್ಳೇಗಾಲದಲ್ಲಿ ನಾವು ಯಾವಾಗಲೂ ಹೋಗುವ ಮೆಡಿಕಲ್‌ಗೆ ಹೋದರು. ಅಂಗಡಿಯ ಮಲ್ಲಣ್ಣ ನಮಗೆ ಬಹಳ ವರ್ಷದಿಂದ ಗೊತ್ತು. ನಮ್ಮ ಕಡೆ ನೆಗಡಿ ಜ್ವರಕ್ಕೆಲ್ಲ ಯಾರೂ ಮಾತ್ರೆಯ ಹೆಸರು ಕೇಳುವುದಿಲ್ಲ, 'ಒಂದು ಸೆಟ್ ಕೊಡಿ' ಎನ್ನುತ್ತಾರೆ. ಮಲ್ಲಣ್ಣ ನಾಲ್ಕಾರು ಹಾಳೆಗಳಿಂದ ಒಂದೊಂದು ಮಾತ್ರೆ ಕತ್ತರಿಸಿ ಪುಟ್ಟ ಕಾಗದದ ಕವರಿಗೆ ಹಾಕಿ, ಬೆಳಿಗ್ಗೆ ಒಂದು ಸಂಜೆ ಒಂದು ಎಂದು ಕೊಡುತ್ತಾನೆ. ಕತ್ತರಿಸಿದ ತುಂಡಿನ ಮೇಲೆ ಹೆಸರಿನ ಎರಡಕ್ಷರ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಂತ ಮಲ್ಲಣ್ಣ ಕೇಳದೆ ಕೊಡಲಿಲ್ಲ.

"ಮನೇವ್ರು ಬಸ್ರಿ ಗಿಸ್ರಿ ಏನೂ ಇಲ್ವಲ್ಲ ಮಾದೇಸ?" ಎಂದು ಕೇಳಿದನಂತೆ.

ಪಕ್ಕದಲ್ಲೇ ನಮ್ಮ ಬೀದಿಯ ಇಬ್ಬರು ನಿಂತಿದ್ದರು. "ಇಲ್ಲ ಇಲ್ಲ, ಬರೀ ನೆಗ್ಡಿ," ಎಂದುಬಿಟ್ಟರು ನಮ್ಮವರು.

ಒಂದು ಹಳದಿ, ಒಂದು ಬಿಳಿ, ಒಂದು ಅರ್ಧ ಗುಲಾಬಿ. ನುಂಗಿದ ಮುಕ್ಕಾಲು ಗಂಟೆಗೆ ಮೂಗು ತೆರೆಯಿತು. ಅವತ್ತಿನ ಬಸ್ಸಾರಿನ ವಾಸನೆ ಇವತ್ತಿಗೂ ನೆನಪಿದೆ, ಎರಡು ಮುದ್ದೆ ತಿಂದೆ. ಸಂಜೆಗೆ ಮತ್ತೆ ಕಟ್ಟಿತು, ಮತ್ತೊಂದು ಕವರು ಒಡೆದೆ. ಮುಗಿದ ಮೇಲೆ ಹನೂರಿನಿಂದ ಬರುವಾಗ ನಾನೇ ಇಳಿದು ಮಲ್ಲಣ್ಣನ ಹತ್ತಿರ ಹೋದೆ. "ಅದೇ ಸೆಟ್ ಕೊಡಣ್ಣ" ಎಂದೆ. ಅವನು ನನ್ನನ್ನೂ ಕೇಳಿದ. ಅಂಗಡಿಯಲ್ಲಿ ಗುರುತಿನವರು ಯಾರೂ ಇರಲಿಲ್ಲ, ಆದರೂ ನಾನು "ಏನೂ ಇಲ್ಲಣ್ಣ" ಎಂದೆ. ಜೊತೆಗೆ ಮೂಗಿಗೆ ಬಿಡುವ ಹನಿಯ ಒಂದು ಬಾಟಲಿಯನ್ನೂ ಕೊಟ್ಟ. ಮೂರು ದಿನಕ್ಕಿಂತ ಜಾಸ್ತಿ ಬಿಡಬೇಡವ್ವ ಎಂದು ಹೇಳಿಯೇ ಕೊಟ್ಟ. ನಾನು ಮೂರು ವಾರ ಬಿಟ್ಟೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಚೀಟಿ ಮೇಡಂ ಚೀಟಿಯಿಲ್ಲದ ಮಾತ್ರೆ ನುಂಗಿದಳು, ಚೀಟಿ ಇದ್ದ ಬಾಟಲಿಯನ್ನು ಓದಲಿಲ್ಲ.

ಹನಿ ಬಿಟ್ಟಷ್ಟೂ ಮೂಗು ಇನ್ನಷ್ಟು ಬಿಗಿಯಿತು. ಎರಡು ಗಂಟೆಗೊಮ್ಮೆ ಬಾಟಲಿ ಬೇಕಾಯಿತು. ಮಾತ್ರೆ ನುಂಗಿದ ದಿನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬಸುರಿಗೆ ಹೀಗೆಲ್ಲ ಆಗುವುದೇ ಇರಬೇಕು ಎಂದು ಸುಮ್ಮನಿದ್ದೆ. ಕೇಳೋಣವೆಂದರೆ ಬಸುರೆಂದು ಯಾರಿಗೂ ಹೇಳಿರಲಿಲ್ಲವಲ್ಲ.

ಒಂದು ದಿನ ಹನೂರಿನ ಕಿಟಕಿಯಲ್ಲಿ ಒಬ್ಬ ಅಜ್ಜಿ ಜೋಳದ ಬೀಜಕ್ಕೆ ಬಂದಿತ್ತು. ರಿಜಿಸ್ಟರಿನಲ್ಲಿ ಅಜ್ಜಿಯ ಹೆಸರು ಬರೆಯುವಾಗ ನನ್ನ ಕೈ ಅದುರಿ ಪೆನ್ನು ಅಡ್ಡಾದಿಡ್ಡಿ ಹೋಯಿತು.

"ಯಾಕವ್ವ ಕೈ ಅದುರ್ತಾವೆ? ಬಸ್ರಿಯಾ?" ಎಂದಿತು ಅಜ್ಜಿ.

"ಇಲ್ಲ ಕಣಜ್ಜಿ" ಎಂದೆ.

"ನಾನು ಏಳ್ ಎತ್ತಿವ್ನಿ, ನಂಗ್ಯಾಕ್ ಸುಳ್ ಯೋಳೀಯೆ? ನಾನೇನು ನಿನ್ ನೆಂಟ್ರೇ ನಿಷ್ಟ್ರೇ? ಬೀಜ ಆಮ್ಯಾಕ್ ಕೊಡು, ಮೊದ್ಲು ಆಸ್ಪತ್ರೆಗ್ ಓಗು."

ಆ ಮುದುಕಿಯ ಹೆಸರು ಅದುರಿದ ಅಕ್ಷರದಲ್ಲಿ ಇವತ್ತಿಗೂ ಆ ರಿಜಿಸ್ಟರಿನಲ್ಲಿದೆ. ನನ್ನ ಸುಳ್ಳಿಗೆ ಸುಳ್ಳು ಎಂದು ಹೆಸರಿಟ್ಟವರು ಅವರೊಬ್ಬರೇ. ಮಧ್ಯಾಹ್ನವೇ ರಜೆ ಹಾಕಿ ಬಸ್ಸು ಹತ್ತಿದೆ, ಮನೆಗೆ ಫೋನ್ ಮಾಡಿ ಅತ್ತೆಗೂ ನಮ್ಮವರಿಗೂ ಕೊಳ್ಳೇಗಾಲದ ಲೇಡಿ ಡಾಕ್ಟರ ಹತ್ತಿರ ಬನ್ನಿ ಎಂದೆ. ನನಗೆ ಆಗ ಎರಡೂವರೆ ತಿಂಗಳು.

ಆ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಹಸಿರು ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲದರಲ್ಲೂ ಹೊಟ್ಟೆ ಹೊತ್ತ ಹೆಂಗಸರು. ಅತ್ತೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಬಾಗಿಲಿನ ಕಡೆ ಬೆನ್ನು ಮಾಡಿ ಕೂತರು, ಅಗರದವರು ಯಾರಾದರೂ ಬಂದಾರೆಂದು. ನರ್ಸು ನನ್ನ ಬಿ.ಪಿ. ನೋಡಿದಳು, ಮಾತಾಡದೆ ಇನ್ನೊಂದು ಸಲ ನೋಡಿದಳು, ಆಮೇಲೆ ಸರದಿ ಬಿಟ್ಟು ನನ್ನನ್ನು ಒಳಗೆ ಕರೆದಳು. ಸರದಿ ಬಿಟ್ಟು ಕರೆದರೆ ಸಂತೋಷಪಡುವ ಜಾಗವಲ್ಲ ಅದು.

"ಬಿ.ಪಿ. ಜಾಸ್ತಿ ಇದೆ. ಏನಾದರೂ ಮಾತ್ರೆ ತಗೋತಾ ಇದ್ದೀರಾ?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ಲ ಕಣ್ರವ್ವ. ಕಸಾಯ ಕೊಟ್ಟಿವ್ನಿ, ಅಷ್ಟೇಯ," ಎಂದರು ಅತ್ತೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮಾತ್ರೆಯ ಕವರುಗಳು ನನ್ನ ಬ್ಯಾಗಿನಲ್ಲೇ ಇರುತ್ತಿದ್ದವು.

ನಾನು ಬ್ಯಾಗು ತೆರೆದು ಉಳಿದಿದ್ದ ಒಂದು ಕವರನ್ನೂ ಹನಿಯ ಬಾಟಲಿಯನ್ನೂ ಮೇಜಿನ ಮೇಲಿಟ್ಟೆ. ಡಾಕ್ಟರು ಕವರು ಬಗ್ಗಿಸಿದರು. ಹಳದಿ, ಬಿಳಿ, ಅರ್ಧ ಗುಲಾಬಿ ಮೇಜಿನ ಗಾಜಿನ ಮೇಲೆ ಉರುಳಿದವು.

"ಇದರ ಹೆಸರೇನು?"

"ಗೊತ್ತಿಲ್ಲ ಮೇಡಂ."

"ಎಷ್ಟು ದಿನದಿಂದ?"

"ಮೂರು ವಾರದ ಮೇಲಾಯ್ತು... ಮಧ್ಯೆ ಮಧ್ಯೆ."

"ಏನು ಕೆಲಸ ಮಾಡ್ತೀರಿ?"

ಬೀಜದ ಚೀಟಿ ಓದಿ ಹೇಳುವ ಕೆಲಸ ಎಂದು ಹೇಳುವಾಗ ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಡಾಕ್ಟರು ಬೈಯಲಿಲ್ಲ. "ಹೋಗಿ ಹೆಸರು ಬರೆಸಿಕೊಂಡು ಬನ್ನಿ, ನಾನು ಕಾಯ್ತೀನಿ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾನೂ ಮಹೇಶ್ ಅವರೂ ಮಲ್ಲಣ್ಣನ ಅಂಗಡಿಗೆ ನಡೆದೆವು. ಜನವಿದ್ದರು. ನಾನು ಯಾರನ್ನೂ ನೋಡದೆ "ಅಣ್ಣ, ನಾನು ಬಸುರಿ. ಅವತ್ತೂ ಬಸುರಿಯೇ. ಆ ಸೆಟ್‌ನಲ್ಲಿ ಏನೇನಿತ್ತು ಬರೆದುಕೊಡು" ಎಂದೆ. ಮಲ್ಲಣ್ಣನ ಮುಖ ಬಿಳಿಚಿಕೊಂಡಿತು. ಒಂದೊಂದೇ ಡಬ್ಬ ತೆಗೆದು ಹಾಳೆ ನೋಡಿ ಹೆಸರು ಬರೆದ.

"ಒಂದ್ ಮಾತು ಯೋಳಿದ್ರೆ ಆಯ್ತಿತ್ತಲ್ಲವ್ವ. ಕೇಳ್ದೆ ತಾನೆ ನಾನು? ಎಲ್ಡ್ ಸಲ ಕೇಳ್ದೆ ತಾನೆ?" ಎಂದ. ನಮ್ಮವರು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಚೀಟಿಯ ಜೊತೆ ಎರಡು ಹಾಳೆ ಮಾತ್ರೆಗಳನ್ನೂ ತೋರಿಸಲೆಂದು ಕೊಟ್ಟು, "ನಂಗೂ ಫೋನ್ ಮಾಡಿ ಯೋಳಿ, ಡಾಕ್ಟ್ರು ಏನಂದ್ರು ಅಂತ" ಎಂದ.

ಡಾಕ್ಟರು ಚೀಟಿ ಓದಿ ಹಳದಿ ಮಾತ್ರೆಯ ಮೇಲೆ ಬೆರಳಿಟ್ಟರು. "ಮೂಗು ಬಿಡಿಸಿದ್ದು ಇದೇ. ರಕ್ತನಾಳ ಬಿಗಿ ಮಾಡುತ್ತೆ, ಬಿ.ಪಿ. ಏರಿಸುತ್ತೆ. ಬಸುರಿಯರಿಗೆ, ಅದರಲ್ಲೂ ಮೊದಲ ಮೂರು ತಿಂಗಳು, ನಾವು ಕೊಡಲ್ಲ. ಇವತ್ತಿಂದ ಬಂದ್."

"ಮಗುವಿಗೆ ಏನಾದರೂ..." ಎಂದೆ.

"ಬಹಳ ಮಟ್ಟಿಗೆ ಏನೂ ಆಗಿರಲ್ಲ. ಆದರೆ ಏನೂ ಆಗಿಲ್ಲ ಅಂತ ಇವತ್ತು ನಾನು ಬರೆದುಕೊಡೋಕೆ ಆಗಲ್ಲ. ಐದನೇ ತಿಂಗಳ ಸ್ಕ್ಯಾನಲ್ಲಿ ನೋಡೋಣ. ವಾರ ವಾರ ಬಿ.ಪಿ. ತೋರಿಸಬೇಕು." ಅವರು ಅತ್ತೆಯ ಕಡೆ ತಿರುಗಿ "ಅಮ್ಮ, ಮೂರು ತಿಂಗಳು ಊರಿಗೆ ಹೇಳಬೇಡಿ, ಬೇಡ ಅನ್ನಲ್ಲ. ಡಾಕ್ಟರಿಗೆ ಮತ್ತೆ ಮೆಡಿಕಲ್‌ನವರಿಗೆ ಮೊದಲ ದಿನವೇ ಹೇಳಬೇಕು" ಎಂದರು. ಅತ್ತೆ ಬಸ್ಸಿನಲ್ಲಿ ಅಗರದ ತನಕ ನನ್ನ ಕೈಯನ್ನು ಮಡಿಲಲ್ಲಿ ಹಿಡಿದುಕೊಂಡೇ ಕೂತಿದ್ದರು.

ಆ ಸ್ಕ್ಯಾನಿಗೆ ಇನ್ನೂ ಎರಡು ತಿಂಗಳಿತ್ತು. ಮೊದಲ ವಾರದಲ್ಲೇ ಒಂದು ಮೂರ್ಖತನ ಮಾಡಿದೆ. ಹನೂರಿನಲ್ಲಿ ಊಟದ ಹೊತ್ತಿಗೆ ಆ ಮಾತ್ರೆಯ ಹೆಸರನ್ನು ಫೋನಿನಲ್ಲಿ ಹುಡುಕಿದೆ. ಮೊದಲ ತಿಂಗಳುಗಳಲ್ಲಿ ನುಂಗಿದರೆ ಮಗುವಿನ ಹೊಟ್ಟೆಯ ಗೋಡೆ ಕೂಡಿಕೊಳ್ಳದೆ ಹೋಗಬಹುದು ಎಂಬ ಒಂದು ಸಾಲು ಕಣ್ಣಿಗೆ ಬಿತ್ತು. ಸುತ್ತ ಇದ್ದ ಇನ್ನೂರು ಸಾಲು ಕಾಣಲಿಲ್ಲ. ಊಟದ ಡಬ್ಬಿ ಮುಚ್ಚಿದವಳು ಅವತ್ತು ಮತ್ತೆ ತೆರೆಯಲಿಲ್ಲ. ಮುಂದಿನ ಬಿ.ಪಿ.ಯ ದಿನ ಡಾಕ್ಟರನ್ನು ಕೇಳಿದಾಗ "ಅದು ತೀರಾ ಅಪರೂಪ. ಮಾತ್ರೆಯಿಂದಲೇ ಆಗುತ್ತೆ ಅಂತ ಖಚಿತವಾಗಿಯೂ ಗೊತ್ತಿಲ್ಲ. ಸಣ್ಣ ಅನುಮಾನ ಇದೆ ಅಂತಲೇ ನಾವು ಬೇಡ ಅನ್ನೋದು. ಸ್ಕ್ಯಾನಲ್ಲಿ ಅದು ಚೆನ್ನಾಗಿ ಕಾಣುತ್ತೆ, ಅಲ್ಲಿ ತನಕ ಫೋನ್ ಮುಟ್ಟಬೇಡಿ" ಎಂದರು. ಅಪರೂಪ ಎಂಬ ಮಾತು ಸಮಾಧಾನ ತರಲಿಲ್ಲ. ಒಂದು ಸಲ ಕಳೆದುಕೊಂಡವಳಿಗೆ ಎಲ್ಲ ಅಪರೂಪವೂ ತನ್ನ ಮನೆಗೇ ದಾರಿ ಕೇಳಿಕೊಂಡು ಬರುತ್ತಿದೆ ಎನಿಸುತ್ತದೆ.

ನಮ್ಮವ್ವ ಮುಳ್ಳೂರಿನಿಂದ ಬಂದಳು. ವಿಷಯ ಕೇಳಿ ಮೊದಲು ಸಿಟ್ಟಾದಳು. "ಎತ್ತವ್ವಂಗೂ ಯೋಳ್ದೆ, ಮೆಡಿಕಲ್ನೋನ್ಗೂ ಯೋಳ್ದೆ, ಇನ್ಯಾರ್‍ಗ್ ಯೋಳ್ಬೇಕು ಅಂತಿದ್ದೆ ನೀನು?" ಎಂದು ಬೈದು, ಬೈಯುತ್ತಲೇ ಎರಡು ದಿಂಬು ಒಂದರ ಮೇಲೊಂದಿಟ್ಟು ತಲೆ ಎತ್ತರ ಮಾಡಿ ಮಲಗಿಸಿದಳು. ನಮ್ಮವರು ಮಾತು ಕಮ್ಮಿ ಮಾಡಿಬಿಟ್ಟರು. ಗದ್ದೆಯಿಂದ ಬಂದವರೇ ಪಾತ್ರೆಯಲ್ಲಿ ಬಿಸಿನೀರು ತಂದು ಮುಂದಿಟ್ಟು, ನಾನು ಹಬೆ ತೆಗೆದುಕೊಳ್ಳುವ ತನಕ ಟವೆಲ್ ಹಿಡಿದು ಎದುರಿಗೆ ಕೂರುತ್ತಿದ್ದರು. ಒಂದು ಸಂಜೆ ಟವೆಲಿನ ಆಚೆಯಿಂದ "ನಾನೇ ಸುಳ್ ಯೋಳಿದ್ದು ಭಾಗ್ಯ, ನೀನಲ್ಲ" ಎಂಬ ಮಾತು ಬಂತು. "ನಾನೂ ಹೇಳಿದೆ ಕಣ್ರೀ. ಇಬ್ಬರದೂ ಸಮ" ಎಂದೆ. ಅವತ್ತಿನಿಂದ ಅವರು ಮತ್ತೆ ಮಾತಾಡತೊಡಗಿದರು.

ಅತ್ತೆ ಮಾದಪ್ಪನಿಗೆ ಹರಕೆ ಹೊತ್ತರು. ಏನು ಹರಕೆ ಎಂದು ಕೇಳಿದರೆ ಹೇಳಲಿಲ್ಲ. ಆದರೆ ಅವರ ಮನಸ್ಸಿನಲ್ಲಿ ಏನು ಕುದಿಯುತ್ತಿತ್ತೆಂದು ನನಗೆ ಗೊತ್ತಿತ್ತು. ಯಾರ ಕಣ್ಣೂ ಬೀಳದಿರಲಿ ಎಂದು ಮುಚ್ಚಿಟ್ಟದ್ದೇ ಮಗುವಿಗೆ ಮುಳುವಾಯಿತೇನೋ ಎಂದು ಅವರು ಊಟ ಬಿಟ್ಟಿದ್ದರು.

ಮಾತ್ರೆ ಬಿಟ್ಟ ಹತ್ತು ದಿನಕ್ಕೆ ಬಿ.ಪಿ. ಇಳಿಯಿತು. ಕೈ ಅದುರುವುದು ಅದಕ್ಕೂ ಮೊದಲೇ ನಿಂತಿತ್ತು. ಕಷ್ಟವಾದದ್ದು ಹನಿಯ ಚಟ ಬಿಡುವುದು. ಅದನ್ನು ಡಾಕ್ಟರು ಒಂದು ಉಪಾಯದಿಂದ ಬಿಡಿಸಿದರು. ಮೊದಲು ಬಲ ಹೊಳ್ಳೆಗೆ ಮಾತ್ರ ನಿಲ್ಲಿಸಿ, ಎಡಕ್ಕೆ ನಾಲ್ಕು ದಿನ ಇರಲಿ, ಬಲ ಸುಧಾರಿಸಿದ ಮೇಲೆ ಎಡಕ್ಕೂ ನಿಲ್ಲಿಸಿ, ನಡುವೆ ಎಷ್ಟು ಬೇಕಾದರೂ ಉಪ್ಪುನೀರಿನ ಹನಿ ಬಿಡಿ ಎಂದರು. ಬಲ ಹೊಳ್ಳೆ ಮೂರು ದಿನ ಕಲ್ಲಾಗಿ ಕೂತಿತು. ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟು, ಎಡ ಹೊಳ್ಳೆಗೆ ನೀವೇ ಬಿಡಿ, ಬಲಕ್ಕೆ ಕೇಳಿದರೂ ಕೊಡಬೇಡಿ ಎಂದಿದ್ದೆ. ಕೇಳಿದೆ. ಬೇಡಿದೆ. ಒಂದು ಸಲ ಜಗಳವನ್ನೇ ಆಡಿದೆ. ಅತ್ತೆ ಬಾಟಲಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು "ಇವತ್ತೊಂದಿನ ತಡ್ಕ ಮಗ" ಎಂದು ನಾಲ್ಕು ದಿನವೂ ಅದನ್ನೇ ಹೇಳಿದರು.

ಐದನೇ ದಿನ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಕಾಲಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಇಟ್ಟುಕೊಂಡು ಕೂತಿದ್ದಳು. ಬಸ್ಸು ಒಂದು ಹಂಪ್ ಹಾರಿತು. ನನ್ನ ಬಲ ಹೊಳ್ಳೆಯೊಳಗೆ ಕೊತ್ತಂಬರಿಯ ವಾಸನೆ ಸುಳಿಯಿತು. ಹನಿ ಇಲ್ಲದೆ, ಮಾತ್ರೆ ಇಲ್ಲದೆ. ನಾನು ಎದ್ದು ನಿಂತುಬಿಟ್ಟೆ. ಕಂಡಕ್ಟರು "ಸ್ಟಾಪು ಇನ್ನೂ ಬಂದಿಲ್ಲ ಕುಂತ್ಕಳಿ ಮೇಡಂ" ಎಂದ. ಆ ಹೆಂಗಸಿನ ಹತ್ತಿರ ಎರಡು ಕಟ್ಟು ಸೊಪ್ಪು ಕೊಂಡು ಕಚೇರಿಗೆ ಒಯ್ದೆ. ದಿನವಿಡೀ ಕಿಟಕಿಯ ಹಿಂದೆ ಅದನ್ನು ಮೂಸುತ್ತ ಬೀಜ ಕೊಟ್ಟೆ. ಮೂಗು ಪೂರ್ತಿ ಬಿಡಲಿಲ್ಲ, ಅರ್ಧ ಮಾತ್ರ. ಆ ಅರ್ಧ ಮೂಗಿನಲ್ಲಿ ನಾನು ಉಳಿದ ಬಸುರನ್ನೆಲ್ಲ ಕಳೆದೆ, ಮತ್ತೆ ಬಾಟಲಿ ಕೇಳಲಿಲ್ಲ.

ಸ್ಕ್ಯಾನಿನ ದಿನ ಬಂತು. ಹೊರಗೆ ಹತ್ತು ಹನ್ನೆರಡು ಜನ ನೀರು ಕುಡಿಯುತ್ತ ಕಾಯುತ್ತಿದ್ದರು. ನಾನು ಒಂದು ಬಾಟಲಿ ಕುಡಿದು ಇನ್ನೊಂದಕ್ಕೆ ಕೈ ಹಾಕಿದ್ದೆ. ಅತ್ತೆ ಈ ಸಲ ಬಾಗಿಲಿಗೆ ಬೆನ್ನು ಮಾಡಿರಲಿಲ್ಲ, ಸೆರಗನ್ನೂ ಎಳೆದುಕೊಂಡಿರಲಿಲ್ಲ. ಒಳಗೆ ಕರೆದಾಗ ಅವರೂ ನನ್ನ ಜೊತೆ ಎದ್ದರು.

ಸ್ಕ್ಯಾನ್ ಮಾಡುವ ಡಾಕ್ಟರು ಮಾತಾಡದ ಜಾತಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಾಕಿ ಒತ್ತಿ ಒತ್ತಿ ನೋಡುತ್ತ, ಪಕ್ಕದ ಹುಡುಗಿಗೆ ನನಗೆ ತಿಳಿಯದ ಮಾತು ಬರೆಸುತ್ತಿದ್ದರು. ತಲೆ, ಬೆನ್ನು, ಕಾಲು ದಾಟಿ ಒಂದು ಕಡೆ ನಿಂತರು. ಅಲ್ಲೇ ನಿಂತರು. ಇನ್ನೊಮ್ಮೆ ಒತ್ತಿದರು. ನಾನು ಉಸಿರು ಬಿಗಿಹಿಡಿದೆ. ಮೂಗೂ ಬಾಯೂ ಎರಡೂ ಇದ್ದು ಉಸಿರು ಇರಲಿಲ್ಲ.

"ಡಾಕ್ಟರ ಚೀಟಿಯಲ್ಲಿ ಹೊಟ್ಟೆ ಗೋಡೆ ವಿಶೇಷವಾಗಿ ನೋಡಿ ಅಂತ ಬರೆದಿದ್ದಾರೆ. ಏನಾದರೂ ತಗೊಂಡಿದ್ರಾ?" ಎಂದು ಕೇಳಿದರು.

ಹೇಳಿದೆ. ಮಾತ್ರೆಯ ಹೆಸರು, ಎಷ್ಟು ದಿನ, ಯಾವ ತಿಂಗಳು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಆ ಎರಡು ತಿಂಗಳಲ್ಲಿ ನಾನು ಹೇಳಲು ಕಲಿತಿದ್ದೆ.

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ನೋಡಿ. ಇಲ್ಲಿಂದ ಇಲ್ಲಿವರೆಗೆ ಪೂರ್ತಿ ಮುಚ್ಚಿಕೊಂಡಿದೆ. ಹೊಕ್ಕುಳಬಳ್ಳಿ ಇಲ್ಲಿ ಸರಿಯಾಗಿ ಸೇರಿದೆ. ಎಲ್ಲ ಚೆನ್ನಾಗಿದೆ."

ಬೂದುಬಣ್ಣದ ಒಂದು ಗೆರೆ. ನನ್ನ ಜೀವಮಾನದಲ್ಲಿ ನಾನು ಕಂಡ ಅತ್ಯಂತ ಚೆಂದದ ಗೋಡೆ ಅದು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ, ಆ ಮಂಚದ ಮೇಲೆ ಮಲಗಿ ನಾನೂ ನನ್ನ ಕೂಸೂ ತಲಾ ಸಾವಿರ ವರ್ಷ ತೆಗೆದುಕೊಂಡೆವು. ಅಳು ಬಂತು, ನಗುವೂ ಬಂತು, ಅರ್ಧ ಕಟ್ಟಿದ ಮೂಗಿನಿಂದ ವಿಚಿತ್ರ ಸದ್ದು ಬಂತು. ಬರೆಯುತ್ತಿದ್ದ ಹುಡುಗಿ ಟಿಶ್ಯೂ ಕೊಟ್ಟಳು.

ಅತ್ತೆ ನನಗಿಂತ ಮೊದಲೇ ಹೊರಗೆ ಹೋಗಿದ್ದರು. ನಾನು ಸೀರೆ ಸರಿಮಾಡಿಕೊಂಡು ಬರುವಷ್ಟರಲ್ಲಿ ಕಾಯುವ ಕೋಣೆಯ ನಡುವೆ ನಿಂತು, ಗುರುತೂ ಪರಿಚಯವೂ ಇಲ್ಲದ ಅಷ್ಟೂ ಹೆಂಗಸರಿಗೆ ಹೇಳುತ್ತಿದ್ದರು. "ನಮ್ ಸೊಸೆ ಬಸ್ರಿ ಕಣ್ರವ್ವ, ಐದ್ ತಿಂಗ್ಳು. ಕೂಸು ಕಲ್ಲುಗುಂಡ್ ಇದ್ದಂಗದಂತೆ. ನೀವೆಲ್ಲಾರೂ ಮೂಗ್ ಕಟ್ತು ಅಂತ ಸಿಕ್ ಸಿಕ್ದ್ ಮಾತ್ರೆ ನುಂಗ್ಬ್ಯಾಡಿ." ಕಣ್ಣು ಬೀಳುತ್ತದೆಂದು ಹೆತ್ತವಳಿಗೂ ಹೇಳಬೇಡ ಎಂದಿದ್ದವರು ಇವರೇ. ಅಲ್ಲಿದ್ದ ಒಬ್ಬಳು ತುಂಬು ಬಸುರಿ "ನಂಗೂ ಕಟ್ಟದೆ ಕಣಮ್ಮ, ಮೂರ್ ತಿಂಗ್ಳಿಂದ" ಎಂದಳು. ಇನ್ನೊಬ್ಬಳು "ನಂಗೂ" ಎಂದಳು. ಇಷ್ಟು ದಿನ ಈ ಮೂಗು ನನ್ನೊಬ್ಬಳದೇ ಎಂದುಕೊಂಡಿದ್ದೆನಲ್ಲ, ಆ ಕೋಣೆಯಲ್ಲೇ ನಾವು ಮೂವರಿದ್ದೆವು.

ಮಲ್ಲಣ್ಣನಿಗೆ ಅಲ್ಲಿಂದಲೇ ಫೋನ್ ಮಾಡಿದೆವು. "ಇವತ್ತು ನಂಗ್ ಊಟ ಸೇರ್‍ತದೆ ಬುಡಿ" ಎಂದ.

ಮಗಳು ತಿಂಗಳು ತುಂಬಿ ಹುಟ್ಟಿದಳು. ನರ್ಸು ತಂದು ಎದೆಯ ಮೇಲೆ ಮಲಗಿಸಿದಾಗ ನಾನು ಮೊದಲು ಮುಖ ನೋಡಲಿಲ್ಲ, ಬಟ್ಟೆ ಸರಿಸಿ ಹೊಟ್ಟೆ ನೋಡಿದೆ. ಪುಟ್ಟ ದುಂಡು ಹೊಟ್ಟೆ, ಏರಿ ಇಳಿಯುತ್ತಿತ್ತು. ನಾಲ್ಕನೇ ದಿನ ಮುಳ್ಳೂರಿನಲ್ಲಿ ಬಾಣಂತಿ ಕೋಣೆಯಲ್ಲಿ ಹಾಲು ಕುಡಿಸುತ್ತಿದ್ದಾಗ, ಏನೋ ಹೊಸದಾಗಿದೆಯಲ್ಲ ಎನಿಸಿತು. ಎರಡೂ ಹೊಳ್ಳೆ ತೆರೆದಿದ್ದವು. ಬಗ್ಗಿ ಅವಳ ನೆತ್ತಿ ಮೂಸಿದೆ. ಏಳು ತಿಂಗಳು ಕಾದಿದ್ದಕ್ಕೆ ಅದು ಸಾಕಾಗಿತ್ತು. ಎಷ್ಟು ಹೊತ್ತು ಮೂಸಿದೆನೆಂದರೆ ನಮ್ಮವ್ವ "ಕೂಸ್ನ ಉಸ್ರಾಡಕ್ ಬುಡು" ಎಂದಳು.

ಇದು ನನಗಾದದ್ದು. ನಿಮ್ಮ ಬಿ.ಪಿ. ಬೇರೆ, ನಿಮ್ಮ ತಿಂಗಳು ಬೇರೆ, ನಿಮ್ಮ ಮಾತ್ರೆಯ ಮಾತನ್ನು ನಿಮ್ಮ ಡಾಕ್ಟರೇ ಹೇಳಬೇಕು. ಈಗಾಗಲೇ ನುಂಗಿಬಿಟ್ಟಿದ್ದರೆ ಹೆದರಿ ಮುಚ್ಚಿಡಬೇಡಿ, ಕವರು ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ. ನಾನು ಹೇಳಬಲ್ಲದ್ದು ಅಷ್ಟೇ.

ಹೋದ ತಿಂಗಳು ನನ್ನ ನಾದಿನಿ ರೂಪ ಅಗರಕ್ಕೆ ಬಂದಳು. ಅವಳಿಗೆ ಎರಡನೇ ತಿಂಗಳು, ಮೂಗು ಕಟ್ಟಿತ್ತು. ಡಾಕ್ಟರಿಗೆ ತೋರಿಸಿ, ಅಲ್ಲಿಂದ ಅತ್ತೆ ನಮ್ಮಿಬ್ಬರನ್ನೂ ಕರೆದುಕೊಂಡು ನೇರವಾಗಿ ಮಲ್ಲಣ್ಣನ ಅಂಗಡಿಗೆ ಬಂದರು. ಅವತ್ತು ಕೊಳ್ಳೇಗಾಲಕ್ಕೆ ಕೆಲಸದ ಮೇಲೆ ಬಂದಿದ್ದ ನಮ್ಮ ಬೀದಿಯ ನಾಲ್ಕು ಜನ ಅಲ್ಲೇ ಇದ್ದರು. ನಾನು ಅತ್ತೆಯ ಮುಖ ನೋಡಿದೆ.

"ಮಲ್ಲಣ್ಣ," ಎಂದರು ಅತ್ತೆ, ರಸ್ತೆಗೆ ಕೇಳುವ ಹಾಗೆ. "ನನ್ ಮಗ್ಳು ಬಸ್ರಿ, ಎಲ್ಡ್ ತಿಂಗ್ಳು. ಮೂಗ್ ಕಟ್ಟದೆ. ಯೆಸ್ರಿಲ್ದೆ ಒಂದ್ ಮಾತ್ರೆನೂ ಬ್ಯಾಡ. ಡಾಕ್ಟ್ರು ಬರ್ಕೊಟ್ಟವ್ರೆ, ಅದ್ನೇ ಕೊಡು."

ಮಲ್ಲಣ್ಣ ಚೀಟಿ ನೋಡಿ ಒಂದು ಪುಟ್ಟ ಡಬ್ಬಿ ಕೊಟ್ಟ. ಅತ್ತೆಗೆ ಓದು ಬರುವುದಿಲ್ಲ. ಡಬ್ಬಿಯನ್ನು ನನ್ನ ಕೈಗಿಟ್ಟು "ಓದು" ಎಂದರು. ಅಂಗಡಿಯ ಮುಂದೆಯೇ ನಿಂತು ಪೂರ್ತಿ ಓದಿದೆ, ಹೆಸರು, ಏನೇನಿದೆ, ತಾರೀಖು. ಉಪ್ಪುನೀರಿನ ಹನಿ ಅತ್ತೆ, ಬೇರೇನೂ ಇಲ್ಲ ಎಂದೆ.

ಮನೆಗೆ ಬಂದ ಮೇಲೆ ರೂಪ ಬಾಟಲಿ ತೆಗೆದುಕೊಂಡು ಡಬ್ಬಿಯನ್ನು ಕಸಕ್ಕೆ ಎಸೆದಳು. ಅತ್ತೆ ಎದ್ದು ಹೋಗಿ ಅದನ್ನು ಹೆಕ್ಕಿ, ಧೂಳು ಕೊಡವಿ, ಚಪ್ಪಟೆ ಮಾಡಿ, ದೇವರ ಪಟದ ಹಿಂದೆ ಸಿಕ್ಕಿಸಿದರು.

"ಅದ್ಯಾಕವ್ವ ಅಲ್ಲಿ?" ಎಂದಳು ರೂಪ.

ಅತ್ತೆ ನನ್ನ ಮಗಳನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ ಹೇಳಿದರು. "ಪೈರು ಕೈಗೆ ಬರೋಗಂಟ ಚೀಟಿ ಎಸೀಬಾರ್ದು ಕಣವ್ವ. ನಿಮ್ಮತ್ಗೆ ಯೋಳಿಲ್ವ?"